ಕಿಡ್ನಿಯೋ, ಹೃದಯವೋ: ಸಾವಿಗೆ ಯಾವುದನ್ನು ಕಾರಣ ಎನ್ನಬೇಕು?

ಪ್ರಶ್ನೆ: ನವಲಗುಂದ ಕಡೆಯಿಂದ ಹುಬ್ಬಳ್ಳಿಗೆ ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಬರುತ್ತಿದ್ದ ನಮ್ಮ ತಂದೆಯವರಿಗೆ ಹೃದಯ ಬಡಿತದ ಏರುಪೇರೂ ಇತ್ತು. ಆಸ್ಪತ್ರೆಯ ಕಾಗದದಲ್ಲಿ ‘ಹೃದಯಸ್ತಂಭನ’ ಎಂದಷ್ಟೇ ಬರೆದಿದ್ದಾರೆ. ಅವರನ್ನು ಒಯ್ದದ್ದು ಕಿಡ್ನಿಯೋ, ಹೃದಯವೋ?

ಉತ್ತರ: ಹೃದಯಸ್ತಂಭನವೆಂಬುದು ಸಾವಿನ ಕಾರಣವಲ್ಲ, ಸಾವಿನ ವರ್ಣನೆ, ಯಾವ ರೋಗದಿಂದ ತೀರಿಕೊಂಡರೂ ಕೊನೆಗೆ ಹೃದಯ ನಿಂತೇ ನಿಲ್ಲುತ್ತದೆ. ಆಸ್ಪತ್ರೆಯಲ್ಲಾದ ಸಾವಿಗೆ ವೈದ್ಯರು ತುಂಬುವ ನಮೂನೆ 4ರಲ್ಲಿ ತಕ್ಷಣದ ಕಾರಣದ ಕೆಳಗೆ, ಅದಕ್ಕೆ ಎಡೆಮಾಡಿದ ಮೂಲರೋಗವನ್ನು ಬರೆಯಲೆಂದೇ ಸಾಲುಗಳಿವೆ. ಅವು ಖಾಲಿ ಉಳಿದರೆ ವರ್ಷಗಟ್ಟಲೆ ಕಾಡಿದ ಕಿಡ್ನಿ ರೋಗ ಸರ್ಕಾರಿ ಲೆಕ್ಕದಿಂದಲೇ ಮಾಯವಾಗುತ್ತದೆ.

ಈ ಎರಡು ರೋಗಗಳು ಕೂಡಿದಾಗ ಸಾವು ಬರುವ ಒಂದು ಮುಖ್ಯ ದಾರಿ ಪೊಟ್ಯಾಷಿಯಂ ಎಂಬ ಲವಣಾಂಶ. ರಕ್ತದಲ್ಲಿ ಅದು ಲೀಟರಿಗೆ ಸುಮಾರು 3.5ರಿಂದ 5 ಮಿಲಿಮೋಲ್‌ನಷ್ಟಿರಬೇಕು. ಹೊರಹಾಕಬೇಕಾದ ಕಿಡ್ನಿ ಸೋತಾಗ ಅದು 6.5 ದಾಟಿದರೆ, ಹೃದಯದ ವಿದ್ಯುತ್ ಸಂಚಾರವೇ ಕೆಟ್ಟು, ಎದೆನೋವಿನ ಸುಳಿವೂ ಇಲ್ಲದೆ ಬಡಿತ ನಿಲ್ಲಬಹುದು. ಬಿಸಿಲಿಗೆ ತಂಪೆಂದು ಪ್ರೀತಿಯಿಂದ ಕುಡಿಸುವ ಎಳನೀರಿನಲ್ಲಿಯೂ ಪೊಟ್ಯಾಷಿಯಂ ಹೇರಳವಾಗಿದೆ, ಮಂಡಿನೋವಿಗೆ ಔಷಧ ಅಂಗಡಿಯಿಂದ ತಂದು ನುಂಗುವ ಗುಳಿಗೆಯೂ ಅದನ್ನು ಏರಿಸಬಲ್ಲದು. ಇನ್ನು ಡಯಾಲಿಸಿಸ್‌ಗಳ ನಡುವಿನ ಬಿಡುವು, ಆಗಲೂ ಪೊಟ್ಯಾಷಿಯಂ ರಕ್ತದಲ್ಲಿ ಕೂಡುತ್ತ ಹೋಗುತ್ತದೆ: ವಾರಕ್ಕೆ ಮೂರು ಸಲ ಮಾಡಿಸಿಕೊಳ್ಳುವವರಲ್ಲಿಯೂ ಎರಡು ದಿನದ ಬಿಡುವಿನ ಮರುದಿನ ಸಾವುಗಳು ಹೆಚ್ಚೆಂದು ಅಮೆರಿಕದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಬಸ್ಸು ಹಿಡಿದು ವಾರಕ್ಕೆರಡೇ ಸಲ ಬರುವವರಿಗೆ ಆ ಬಿಡುವು ಇನ್ನೂ ಉದ್ದ.

ಎರಡನೆಯ ದಾರಿ ಹೆಪ್ಪುಗಟ್ಟಿದ ರಕ್ತದ್ದು. ಏಟ್ರಿಯಲ್ ಫಿಬ್ರಿಲೇಷನ್ ಎಂಬ ಏರುಪೇರಿನಲ್ಲಿ ಹೃದಯದ ಮೇಲ್ಕೋಣೆ ಸರಿಯಾಗಿ ಹಿಂಡದೆ ಬರೀ ಅದುರುವುದರಿಂದ ಅಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗಿ ಪಾರ್ಶ್ವವಾಯು ತರಬಹುದು. ಈ ಏರುಪೇರು ಇಲ್ಲದವರಿಗೆ ಹೋಲಿಸಿದರೆ ಅದರ ಅಪಾಯ ಸುಮಾರು ಐದು ಪಟ್ಟು. ರಕ್ತ ತೆಳುವಾಗಿಸುವ ಔಷಧ ಕೊಡೋಣವೆಂದರೆ, ಕಿಡ್ನಿ ಕೆಟ್ಟವರಲ್ಲಿ ರಕ್ತಸ್ರಾವದ ಭಯವೂ ಅಷ್ಟೇ ಇರುತ್ತದೆ. ವೈದ್ಯರು ಹಿಂದೆಮುಂದೆ ನೋಡಿದ್ದರೆ ಅದನ್ನು ಉದಾಸೀನವೆಂದು ತಿಳಿಯಬೇಕಾಗಿಲ್ಲ.

ತಂದೆಯವರಿಗೆ ಮಾತು ತೊದಲಿತ್ತೇ, ಕೈಕಾಲು ಬಿದ್ದಿತ್ತೇ ಎಂದು ನೆನಪಿಸಿಕೊಳ್ಳಿ. ಅಂಥದ್ದೇನೂ ಇಲ್ಲದೆ ದಿಢೀರನೆ ಕುಸಿದಿದ್ದರೆ ಮೊದಲನೆಯ ದಾರಿಯ ಸಂಶಯ ಹೆಚ್ಚು. ಕೊನೆಯ ಡಯಾಲಿಸಿಸ್ ಆದ ದಿನಾಂಕ, ಪೊಟ್ಯಾಷಿಯಂ ವರದಿ ಮತ್ತು ಇಸಿಜಿಯನ್ನು ಆಸ್ಪತ್ರೆಯಲ್ಲಿ ಕೇಳಿ ಪಡೆದು ವೈದ್ಯರೊಬ್ಬರಿಗೆ ತೋರಿಸಿ.