ವೇಗಕ್ಕೆ ಚರ್ಮ, ಎತ್ತರಕ್ಕೆ ಪ್ಯಾಡ್

ಗಂಟೆಗೆ 120 ಕಿ.ಮೀ. ವೇಗದಲ್ಲಿ ತಿರುವು ತೆಗೆದುಕೊಳ್ಳುವಾಗ ಮುಂದಿನ ಚಕ್ರ ಜಾರಿ ಬಿದ್ದ ಬೈಕ್ ರೇಸರ್, ದೂರದವರೆಗೆ ಜಾರಿಕೊಂಡು ಹೋಗಿ, ಎದ್ದು ಮಣ್ಣು ಕೊಡವಿಕೊಂಡು ನಡೆದುಬಿಡುವುದುಂಟು. ಅದೇ ತಿರುವಿನಲ್ಲಿ ಅದರ ಅರ್ಧ ವೇಗದಲ್ಲಿದ್ದರೂ ಬೈಕಿನ ಮೇಲಿಂದ ಎಗರಿ ಬಿದ್ದವನ ಕಾಲರ್ ಬೋನ್ ಮುರಿಯುತ್ತದೆ. ಮೊದಲನೆಯದು ಲೋಸೈಡ್, ಎರಡನೆಯದು ಹೈಸೈಡ್. ಜಾರುತ್ತಿದ್ದ ಹಿಂದಿನ ಚಕ್ರಕ್ಕೆ ಥಟ್ಟನೆ ಗ್ರಿಪ್ ಸಿಕ್ಕಾಗ ಬೈಕ್ ಸವಾರನನ್ನು ಮೇಲಕ್ಕೆ ಎತ್ತಿ ಎಸೆಯುತ್ತದೆ. ಎರಡು ಮೀಟರ್ ಎತ್ತರದಿಂದ ಬಿದ್ದ ದೇಹ ನೆಲ ಮುಟ್ಟುವಾಗ ಅದರ ಕೆಳಮುಖ ವೇಗ ಸೆಕೆಂಡಿಗೆ ಸುಮಾರು 6.3 ಮೀಟರ್. ಬೈಕ್ 60ರಲ್ಲಿದ್ದರೂ 160ರಲ್ಲಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ.

ರೇಸಿಂಗ್ ಉಡುಪು ಕೊಳ್ಳುವವರು ಮೊದಲು ಮುಂದಕ್ಕೆ ಜಾರುವುದು, ಮೇಲಿಂದ ಬೀಳುವುದು, ಈ ಎರಡನ್ನು ಬೇರೆ ಮಾಡಿ ನೋಡಬೇಕು. ಮುಂದಕ್ಕೆ ಜಾರುವ ವೇಗವನ್ನು ತಿಂದುಹಾಕುವ ಕೆಲಸ ಚರ್ಮದ್ದು. 120 ಕಿ.ಮೀ. ವೇಗದಿಂದ ಜಾರತೊಡಗಿದ ದೇಹ ಒಣ ಡಾಂಬರಿನ ಮೇಲೆ ನಿಲ್ಲಲು ಹೆಚ್ಚುಕಡಿಮೆ 85ರಿಂದ 90 ಮೀಟರ್, ಅಂದರೆ ಐದು ಸೆಕೆಂಡು ಬೇಕು. ಅಷ್ಟು ಹೊತ್ತು ಉಜ್ಜಿದರೂ ತೂತು ಬೀಳದಿರಲೆಂದೇ ರೇಸಿಂಗ್ ಸೂಟಿಗೆ 1.2ರಿಂದ 1.4 ಮಿ.ಮೀ. ದಪ್ಪದ ದನದ ಚರ್ಮ ಹಾಕುತ್ತಾರೆ. ಎಷ್ಟೋ ಸಲ ಚರ್ಮಕ್ಕಿಂತ ಮೊದಲು ಬಾಯಿ ಬಿಡುವುದು ಹೊಲಿಗೆ. ಹೆಗಲು, ಮೊಣಕೈ, ಸೊಂಟದ ಪಕ್ಕ, ಪೃಷ್ಠ, ಈ ಜಾಗಗಳಲ್ಲಿ ಕನಿಷ್ಠ ಎರಡು ಸಾಲು ಹೊಲಿಗೆ ಇದೆಯೇ, ಒಂದು ಸಾಲಾದರೂ ಒಳಗಡೆ ಅಡಗಿದೆಯೇ ಎಂದು ಸೂಟನ್ನು ಒಳಗು ಹೊರಗು ಮಾಡಿ ನೋಡಿ.

ಮೇಲಿಂದ ಬಿದ್ದ ಪೆಟ್ಟನ್ನು ತಡೆಯುವುದು ಒಳಗಿನ ಪ್ಯಾಡ್, ಅಂದರೆ ಆರ್ಮರ್. ಅದು ಪೆಟ್ಟಿನ ಶಕ್ತಿಯನ್ನು ಮಾಯ ಮಾಡುವುದಿಲ್ಲ, ನಿಲ್ಲಲು ಒಂದಿಷ್ಟು ದೂರ ಕೊಡುತ್ತದೆ. ಶಕ್ತಿಯನ್ನು ದೂರದಿಂದ ಭಾಗಿಸಿದರೆ ಸಿಗುವುದು ಸರಾಸರಿ ಬಲ. 50 ಜೂಲ್ ಶಕ್ತಿಯ ಪೆಟ್ಟು 2 ಮಿ.ಮೀ.ನಲ್ಲಿ ನಿಂತರೆ ಬಲ 25 ಕಿಲೋನ್ಯೂಟನ್. ಅದೇ ಪೆಟ್ಟು 15 ಮಿ.ಮೀ. ಒಳಗಿಳಿದು ನಿಂತರೆ ಕೇವಲ 3.3. ಇದು ಸರಾಸರಿ. ಗರಿಷ್ಠ ಬಲ ಇದಕ್ಕಿಂತ ಹೆಚ್ಚಿರುತ್ತದೆ. ಪ್ಯಾಡ್ ಪೂರ್ತಿ ಚಪ್ಪಟೆಯಾಗಿ ತಳ ಮುಟ್ಟಿತೆಂದರೆ ಉಳಿದ ಪೆಟ್ಟೆಲ್ಲ ನೇರ ಮೂಳೆಗೆ.

ಯುರೋಪಿನ ಪರೀಕ್ಷೆಯೂ ಇದನ್ನೇ ಅಳೆಯುತ್ತದೆ. ಉಕ್ಕಿನ ಆಸರೆಯ ಮೇಲೆ ಪ್ಯಾಡ್ ಇಟ್ಟು 5 ಕೆ.ಜಿ. ತೂಕವನ್ನು ಸುಮಾರು ಒಂದು ಮೀಟರ್ ಮೇಲಿಂದ ಬೀಳಿಸಿ, ಕೆಳಗೆ ದಾಟಿ ಬಂದ ಗರಿಷ್ಠ ಬಲ ನೋಡುತ್ತಾರೆ. ಹೆಗಲು, ಮೊಣಕೈ, ಮಂಡಿಗಳ ಪ್ಯಾಡಿಗೆ ಅನ್ವಯಿಸುವುದು ಇಎನ್ 1621-1 ಎಂಬ ಯುರೋಪಿನ ಮಾನದಂಡ. ಇದರಲ್ಲಿ ಲೆವೆಲ್ 1 ಎಂದರೆ ಹಲವು ಪೆಟ್ಟುಗಳ ಗರಿಷ್ಠ ಬಲದ ಸರಾಸರಿ 35 ಕಿಲೋನ್ಯೂಟನ್ ಮೀರಬಾರದು, ಲೆವೆಲ್ 2 ಎಂದರೆ 20. ಬೆನ್ನಿನ ಪ್ಯಾಡಿಗಿರುವ ಇಎನ್ 1621-2ರಲ್ಲಿ ಮಿತಿ ಇನ್ನೂ ಬಿಗಿ: ಲೆವೆಲ್ 1ಕ್ಕೆ 18, ಲೆವೆಲ್ 2ಕ್ಕೆ 9. ಎದೆಗೆ 1621-3 ಎಂಬ ಪ್ರತ್ಯೇಕ ಮಾನದಂಡವಿದೆ. ಟ್ರ್ಯಾಕಿಗೆ ಹೋಗುವವರು ಬೆನ್ನಿಗೆ ಲೆವೆಲ್ 2 ಬಿಟ್ಟು ಬೇರೆ ಯೋಚಿಸಬಾರದು. ದಾಟುವ ಬಲ ಅರ್ಧಕ್ಕರ್ಧ ಇಳಿಯುವಾಗ ದಪ್ಪದ ಕಿರಿಕಿರಿ ಲೆಕ್ಕಕ್ಕೇ ಬರಬಾರದು.

ಪ್ಯಾಡನ್ನು ಜೇಬಿನಿಂದ ಹೊರಗೆಳೆದು ಅದರ ಮೇಲೆ ಅಚ್ಚೊತ್ತಿದ ಗುರುತನ್ನು ಓದಿ. ಬೈಕ್ ಸವಾರನ ಪುಟ್ಟ ಚಿತ್ರ, ಅದರ ಸುತ್ತ ಅಕ್ಷರಗಳು. ಎಸ್ ಎಂದರೆ ಹೆಗಲು, ಇ ಮೊಣಕೈ, ಕೆ ಮಂಡಿ, ಎಚ್ ಸೊಂಟದ ಪಕ್ಕ. ಎಫ್‌ಬಿ ಎಂದರೆ ಪೂರ್ತಿ ಬೆನ್ನು, ಸಿಬಿ ಎಂದರೆ ಬೆನ್ನಿನ ನಡುಭಾಗ ಮಾತ್ರ. ಟೈಪ್ ಎ ಪ್ಯಾಡ್ ಮುಚ್ಚುವ ಜಾಗ ಕಡಿಮೆ, ಟೈಪ್ ಬಿ ಮುಚ್ಚುವುದು ಹೆಚ್ಚು. ಆಮೇಲೆ 1 ಅಥವಾ 2. ಇವು ಯಾವುವೂ ಇಲ್ಲದ ಬರೀ ಕಪ್ಪು ಸ್ಪಂಜು ಬೆನ್ನಿನ ಜೇಬಿನಲ್ಲಿ ಸಿಕ್ಕರೆ ಅದು ಜಾಗ ತುಂಬಲು ಇಟ್ಟದ್ದು, ತೆಗೆದುಹಾಕಿ. ಸೂಟಿನ ಬೆನ್ನ ಮೇಲಿನ ಗೂನು ಕೂಡ ಮುಖ್ಯವಾಗಿ ಗಾಳಿ ಸೀಳಲು ಇರುವುದು, ಬೆನ್ನುಮೂಳೆಯ ರಕ್ಷಣೆಗೆ ಅದನ್ನು ನಂಬಬೇಡಿ.

ನಮ್ಮ ಕಡೆಯವರು ತಪ್ಪದೆ ಹುಡುಕಬೇಕಾದ ಇನ್ನೊಂದು ಗುರುತು ಟಿ ಪ್ಲಸ್. ಡಿ3ಒ, ಸಾಸ್‌ಟೆಕ್‌ನಂಥ ಮೆತ್ತನೆಯ ಪ್ಯಾಡುಗಳು ನಿಧಾನವಾಗಿ ಒತ್ತಿದರೆ ಹಿಟ್ಟಿನಂತೆ ಬಾಗುತ್ತವೆ, ಜೋರಾಗಿ ಹೊಡೆದರೆ ಗಟ್ಟಿಯಾಗುತ್ತವೆ. ಒಳಗಿನ ಅಣುಸರಪಳಿಗಳಿಗೆ ಪಕ್ಕಕ್ಕೆ ಸರಿಯಲು ಸಮಯ ಸಿಗದಿರುವುದೇ ಇದಕ್ಕೆ ಕಾರಣ. ಆದರೆ ಬಿಸಿಯಾದಷ್ಟೂ ಅವು ಸಲೀಸಾಗಿ ಸರಿಯುತ್ತವೆ, ಪ್ಯಾಡ್ ಬೇಗ ತಳ ಮುಟ್ಟುತ್ತದೆ. ಟಿ ಪ್ಲಸ್ ಇದ್ದರೆ 40 ಡಿಗ್ರಿ ಸೆಲ್ಸಿಯಸ್‌ನಲ್ಲೂ ಪರೀಕ್ಷೆ ಪಾಸಾಗಿದೆ ಎಂದರ್ಥ. ಟಿ ಮೈನಸ್ ಎಂದರೆ ಮೈನಸ್ 10 ಡಿಗ್ರಿ. ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿನಲ್ಲೋ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲೋ ಮಧ್ಯಾಹ್ನ ಕಪ್ಪು ಚರ್ಮದೊಳಗೆ ಕೂತವರಿಗೆ ಆ ಮೈನಸ್‌ನಿಂದ ಆಗಬೇಕಾದ್ದೇನೂ ಇಲ್ಲ.

ಎಷ್ಟೇ ಒಳ್ಳೆಯ ಪ್ಯಾಡಾದರೂ ಬಿದ್ದ ಕ್ಷಣದಲ್ಲಿ ಜಾಗದಲ್ಲಿ ಇರದಿದ್ದರೆ ಪ್ರಯೋಜನವಿಲ್ಲ. ಸೂಟನ್ನು ನಿಂತು ನೋಡಿ ಕೊಳ್ಳಬೇಡಿ. ಬೈಕ್ ಮೇಲೆ ಕೂತು ಟ್ಯಾಂಕಿನ ಮೇಲೆ ಬಾಗಿ ನೋಡಿ. ನಿಂತಾಗ ಸ್ವಲ್ಪ ಎಳೆದು ಬೆನ್ನು ಬಾಗಿಸುವ ಸೂಟೇ ಕೂತಾಗ ಸರಿಯಾಗಿರುತ್ತದೆ. ಮೊಣಕೈ ಮಡಚಿ, ತೋಳಿನ ಚರ್ಮವನ್ನು ಇನ್ನೊಬ್ಬರು ಹಿಡಿದು ತಿರುಚಲಿ. ಮೊಣಕೈಯ ತುದಿ ಪ್ಯಾಡಿನ ಬಟ್ಟಲಿನಿಂದ ಆಚೆ ಬಂದರೆ ಸೂಟ್ ಸಡಿಲ ಅಥವಾ ಪ್ಯಾಡಿನ ಜೇಬು ದೊಡ್ಡದು. ಮಂಡಿಗೂ ಹಾಗೆಯೇ. ಬೆನ್ನಿನ ಪ್ರೊಟೆಕ್ಟರಿಗೆ ನಿಮ್ಮ ಎತ್ತರ ಹೇಳಿದರೆ ಸಾಲದು. ಹೆಗಲಿನಿಂದ ಸೊಂಟದವರೆಗೆ ಟೇಪು ಹಿಡಿದು ಅಳೆದು, ಅದರ ಮೇಲೆ ಮುದ್ರಿಸಿದ ಸೆಂಟಿಮೀಟರಿಗೆ ಹೋಲಿಸಿ. ತೀರಾ ಉದ್ದವಾದರೆ ಬಾಗಿದಾಗ ಮೇಲಂಚು ಹೆಲ್ಮೆಟ್ಟಿಗೆ ತಾಗಿ ತಲೆ ಎತ್ತಿ ಮುಂದೆ ನೋಡಲಾಗದು. ಬೆನ್ನಿನ ಪ್ಯಾಡ್ ನೇರ ಪೆಟ್ಟಿಗೆ ಮಾತ್ರ ಎಂಬುದೂ ನೆನಪಿರಲಿ. ಬೆನ್ನು ತಿರುಚಿಕೊಳ್ಳುವುದನ್ನೋ ಅತಿಯಾಗಿ ಬಾಗುವುದನ್ನೋ ತಡೆಯುವ ಬಲ ಅದಕ್ಕಿಲ್ಲ.

ಮಣ್ಣಿನ ಟ್ರ್ಯಾಕಿನಲ್ಲಿ ಓಡಿಸುವವರು ಎದೆಗೆ ಹಾಕುವ ಪ್ಲಾಸ್ಟಿಕ್ ಕವಚದ ಮೇಲೆ ಇಎನ್ 14021 ಎಂದಿದ್ದರೆ, ಅದು ಮುಂದಿನ ಬೈಕಿನ ಚಕ್ರ ಚಿಮ್ಮಿಸುವ ಕಲ್ಲಿನಿಂದ ಕಾಯುವಂಥದ್ದು. ಬಿದ್ದ ಪೆಟ್ಟಿಗೆ 1621ರ ಗುರುತೇ ಬೇಕು.

ಬೈಕ್ ರೇಸಿನ ಅತ್ಯುನ್ನತ ಸ್ಪರ್ಧೆಯಾದ ಮೋಟೋಜಿಪಿಯಲ್ಲಿ 2018ರಿಂದ ಸವಾರರ ಸೂಟಿನಲ್ಲಿ ಏರ್‌ಬ್ಯಾಗ್ ಕಡ್ಡಾಯ. ಪ್ಯಾಡಿಗೆ ಮಿಲಿಮೀಟರುಗಳಲ್ಲಿ ಸಿಗುವ ನಿಲ್ಲುವ ದೂರ ಗಾಳಿಚೀಲಕ್ಕೆ ಸೆಂಟಿಮೀಟರುಗಳಲ್ಲಿ ಸಿಗುತ್ತದೆ. ದುಡ್ಡಿದ್ದರೆ ಕೊಳ್ಳಿ, ಆದರೆ ಅದು ಉಬ್ಬಲು ಸೂಟಿನಲ್ಲಿ ಜಾಗ ಬೇಕು. ಮೈಗಂಟಿದ ಹಳೆಯ ಸೂಟಿನೊಳಗೆ ತುರುಕಿದರೆ ಅದು ಪೂರ್ತಿ ಉಬ್ಬದು, ಮೇಲಾಗಿ ಪಕ್ಕೆಲುಬನ್ನೇ ಒತ್ತುತ್ತದೆ. ಬ್ಯಾಟರಿಯಿಂದ ನಡೆಯುವಂಥದ್ದು ಚಾರ್ಜ್ ಮುಗಿದಿದ್ದರೆ ಉಬ್ಬುವುದೇ ಇಲ್ಲ, ಆದ್ದರಿಂದ ಅದರ ಜೊತೆಗೂ ಪ್ಯಾಡ್ ಇರಲಿ.

ಬಿದ್ದ ಮೇಲೆ ಎಲ್ಲ ಪ್ಯಾಡುಗಳನ್ನೂ ಹೊರತೆಗೆದು ಬೆಳಕಿನಲ್ಲಿ ಬಾಗಿಸಿ ನೋಡಿ. ಗಟ್ಟಿ ಚಿಪ್ಪಿನಲ್ಲಿ ಕೂದಲೆಳೆಯ ಬಿರುಕು, ಜೇನುಗೂಡು ರಚನೆಯಲ್ಲಿ ಒಂದು ಕಡೆ ತಗ್ಗು, ಫೋಮಿನಲ್ಲಿ ಒತ್ತಿದ ಹೆಬ್ಬೆರಳಿನ ಗುರುತು ಹಾಗೇ ಉಳಿಯುವುದು, ಇವುಗಳಲ್ಲಿ ಯಾವುದೇ ಕಂಡರೂ ಆ ಪ್ಯಾಡ್ ಮುಗಿಯಿತು. ಬೆವರಿಗೆ ಒದ್ದೆಯಾದವನ್ನು ಬಿಸಿಲಿಗೆ ಹಾಕದೆ, ಬರಿಯ ನೀರಿನಲ್ಲಿ ಒರೆಸಿ ನೆರಳಿನಲ್ಲಿ ಒಣಗಿಸಿ. ಕಾರಿನ ಡಿಕ್ಕಿಯಲ್ಲಿ ಬಿಟ್ಟಿಡಬೇಡಿ.