ಖಾಕಿ ತೊಡುವ ಮೊದಲು ಕಲಂ 173 ಓದಿ

ಪಿಎಸ್‌ಐ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರದು ಒಂದೇ ಪ್ರಶ್ನೆ: ‘ಜನ ಪೊಲೀಸರನ್ನು ಬಾಯಿಗೆ ಬಂದಂತೆ ಬೈತಾರೆ, ಸೇರಬೇಕಾ ಬೇಡವಾ?’ ಉತ್ತರವನ್ನೂ ಅವರೇ ಕೊಡುತ್ತಾರೆ: ‘ನಾನಂತೂ ಲಂಚ ಮುಟ್ಟಲ್ಲ, ಕೈ ಎತ್ತಲ್ಲ. ನನ್ನನ್ಯಾಕೆ ಬೈತಾರೆ?’ ಒಳ್ಳೆಯ ಮಕ್ಕಳೇ, ಲೆಕ್ಕ ಮಾತ್ರ ತಪ್ಪು.

ಜನರ ಸಿಟ್ಟು ಹೆಚ್ಚಾಗಿ ಹುಟ್ಟುವುದು ದೂರು ಬರೆಸುವ ಮೇಜಿನ ಮುಂದೆ. ಅಲ್ಲಿ ಲಂಚ ಮುಟ್ಟದವರೂ ಬೈಸಿಕೊಳ್ಳುತ್ತಾರೆ.

ಬೈಕಿನಲ್ಲಿ ಬಂದ ಇಬ್ಬರು ಬಸ್ ನಿಲ್ದಾಣದಲ್ಲಿ ಒಬ್ಬನ ಮೊಬೈಲ್ ಕಿತ್ತುಕೊಂಡು ಹೋದರು ಎನ್ನಿ. ಠಾಣೆಗೆ ಹೋದರೆ ಮೊದಲ ಮಾತು, ‘ಇದು ನಮ್ಮ ಲಿಮಿಟ್ ಅಲ್ಲ.’ ಎರಡನೆಯದು, ‘ಕಳೆದುಹೋಗಿದೆ ಅಂತ ಇ-ಲಾಸ್ಟ್‌ನಲ್ಲಿ ಹಾಕಿ, ಸಿಮ್ ಸಿಗುತ್ತೆ.’ ಇ-ಲಾಸ್ಟ್ ಅಂದರೆ ಕಳೆದುಹೋದ ವಸ್ತುಗಳ ಬಗ್ಗೆ ಪೊಲೀಸರಿಗೆ ಆನ್‌ಲೈನ್‌ನಲ್ಲಿ ತಿಳಿಸುವ ವ್ಯವಸ್ಥೆ. ‘ಕಿತ್ತುಕೊಂಡರು’ ಹೋಗಿ ‘ಕಳೆದುಹೋಯಿತು’ ಬಂದರೆ ಅಪರಾಧವೇ ಮಾಯ. ಕ್ರೈಂ ನಂಬರ್ ಇಲ್ಲ, ತನಿಖೆ ಇಲ್ಲ. ನಾಳೆ ಕಳ್ಳನ ಜೇಬಲ್ಲಿ ಅದೇ ಫೋನ್ ಸಿಕ್ಕರೂ ಜೋಡಿಸಲು ಪ್ರಕರಣವೇ ಇರುವುದಿಲ್ಲ. ಹೀಗೆ ಬರೆಸಿದವರು ಭ್ರಷ್ಟರೇ ಆಗಬೇಕಿಲ್ಲ. ಬಂದೋಬಸ್ತ್ ಮುಗಿಸಿ ಬಂದ ಸುಸ್ತು, ಬಾಕಿ ಪ್ರಕರಣ ಏರಿದರೆ ಮೇಲಿನವರು ಕೇಳುತ್ತಾರೆಂಬ ಅಂಜಿಕೆ, ಹಿಂದಿನಿಂದ ಬಂದ ರೂಢಿ, ಇಷ್ಟು ಸಾಕು.

ಕಾನೂನಿನಲ್ಲಿ ಗೊಂದಲವಿಲ್ಲ. ಹಳೆಯ ಸಿಆರ್‌ಪಿಸಿ ಬದಲಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರ ಪ್ರಕಾರ ಸಂಜ್ಞೇಯ ಅಪರಾಧ (ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ) ಎಲ್ಲೇ ನಡೆದಿರಲಿ, ಮಾಹಿತಿ ತೆಗೆದುಕೊಳ್ಳಬೇಕು. ಜೀರೋ ಎಫ್‌ಐಆರ್ ಎನ್ನುವುದು ಇದನ್ನೇ. ಬಾಯಲ್ಲಿ ಹೇಳಿದರೆ ಬರೆದುಕೊಂಡು, ಓದಿ ಹೇಳಿ, ಸಹಿ ಹಾಕಿಸಬೇಕು. ಓದಿ ಹೇಳುವುದನ್ನು ನುಂಗಿಬಿಡುವವರೇ ಹೆಚ್ಚು. ಆಮೇಲೆ ನ್ಯಾಯಾಲಯದಲ್ಲಿ ‘ನಾನು ಹಾಗೆ ಹೇಳಿರಲಿಲ್ಲ’ ಎಂದು ದೂರುದಾರ ತಿರುಗಿಬಿದ್ದರೆ ಕೇಸು ಸಡಿಲ. ಮಿಂಚಂಚೆಯಲ್ಲಿ ಬಂದ ದೂರಿಗೆ 3 ದಿನದೊಳಗೆ ಸಹಿ ಆಗಬೇಕು. ಎಫ್‌ಐಆರ್ ಪ್ರತಿ ಉಚಿತ, ಅದೂ ತಕ್ಷಣ.

ಎಷ್ಟು ಹೇಳಿದರೂ ತಲೆಗೆ ಹೋಗದ ಭಾಗ ಪ್ರಾಥಮಿಕ ವಿಚಾರಣೆ, ಅಂದರೆ ಎಫ್‌ಐಆರ್‌ಗೆ ಮೊದಲು ದೂರಿನಲ್ಲಿ ಹುರುಳಿದೆಯೇ ಎಂದು ನೋಡುವುದು. ‘ಎಫ್‌ಐಆರ್‌ಗೆ 14 ದಿನ ಟೈಮ್ ಇದೆಯಲ್ಲ ಸಾರ್’ ಅನ್ನುತ್ತಾರೆ. ಇಲ್ಲ. 3 ವರ್ಷ ಅಥವಾ ಹೆಚ್ಚು, ಆದರೆ 7 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಕ್ಕೆ ಮಾತ್ರ, ಅದೂ ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಪೂರ್ವಾನುಮತಿ ಪಡೆದು, 14 ದಿನದೊಳಗೆ ಮುಗಿಸಬೇಕು. ಹಣ ಪಡೆದು ವಂಚಿಸಿದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ (ಹಳೆಯ ಐಪಿಸಿ ಬದಲಿಗೆ ಬಂದದ್ದು) ಕಲಂ 318(4)ರಲ್ಲಿ 7 ವರ್ಷದವರೆಗೆ ಶಿಕ್ಷೆ. ಏಳು ಅಂದರೆ ಏಳಕ್ಕಿಂತ ಕಡಿಮೆ ಅಲ್ಲ, ಹಾಗಾಗಿ ಅಲ್ಲಿ ಈ 14 ದಿನದ ಮಾತಿಲ್ಲ! ವ್ಯಾಪಾರದ ತಕರಾರುಗಳಲ್ಲಿ ಮೊದಲು ವಿಚಾರಿಸಲು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು (2013) ಎಡೆ ಕೊಟ್ಟಿದೆ, ನಿಜ. ಅದು ಪ್ರತಿ ಪ್ರಕರಣದ ಸಂಗತಿ ನೋಡಿ ತೀರ್ಮಾನಿಸುವ ಮಾತು. ಮೊಬೈಲ್ ಕಿತ್ತುಕೊಂಡದ್ದಕ್ಕೆ ಆ ತೀರ್ಪಿನ ಮಾತನ್ನು ಎಳೆದು ತರಬೇಡಿ.

ಕೆಳಗಿನವರು ಏನು ಮಾಡಲಾದೀತು, ದಾಖಲಿಸುವುದು ಠಾಣಾಧಿಕಾರಿಯಲ್ಲವೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಸರಿಯೇ. ಆದರೆ ಸಂಜ್ಞೇಯ ಅಪರಾಧದ ಮಾಹಿತಿ ಎಫ್‌ಐಆರ್ ಆಗಲಿ, ವಿಚಾರಣೆಯಾಗಲಿ, ಠಾಣಾ ದಿನಚರಿಯಲ್ಲಿ (ಠಾಣೆಯ ದಿನನಿತ್ಯದ ದಾಖಲೆ ಪುಸ್ತಕದಲ್ಲಿ) ಬರಲೇಬೇಕೆಂದು ಅದೇ ತೀರ್ಪು ಹೇಳಿದೆ. ಬಂದ ಹೊತ್ತು, ಬಂದವರ ಹೆಸರು, ಅವರದೇ ಮಾತು ದಿನಚರಿಗೆ ಹೋಗುವಂತೆ ನೋಡಿಕೊಳ್ಳಿ. ದಾಖಲಿಸಲು ಒಪ್ಪದಿದ್ದರೆ 173(4)ರಡಿ ಎಸ್‌ಪಿಗೆ ಅಂಚೆಯಲ್ಲಿ ಬರೆಯಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು ಎಂದು ದೂರುದಾರನಿಗೆ ತಿಳಿಸಿ. ಠಾಣೆಯಲ್ಲಿ ಕೆಲವರು ನಿಮ್ಮ ಮೇಲೆ ಮುನಿಸಿಕೊಳ್ಳಬಹುದು.