ದೇವರು ಮೆಚ್ಚಿದ್ದರಿಂದ ಒಳ್ಳೆಯದೋ, ಒಳ್ಳೆಯದಾದ್ದರಿಂದ ಮೆಚ್ಚಿದ್ದೋ?

ನೀತಿಗೆ ಮತ ಬೇಕೇ ಎಂಬ ಚರ್ಚೆಯಲ್ಲಿ ಬರುವ ಈ ಪ್ರಶ್ನೆ ಗ್ರೀಕ್ ತತ್ತ್ವಜ್ಞಾನಿ ಪ್ಲೇಟೋ ಬರೆದ "ಯೂಥಿಫ್ರೋ" ಸಂವಾದದ್ದು. ಅದನ್ನು ಕನ್ನಡದಲ್ಲಿ ವಿವರಿಸಿ ಬರೆಯುವವರಿಗೆ ಈ ಟಿಪ್ಪಣಿ. ಮೊದಲು ಪದದ ತೊಡಕು. ರಿಲಿಜನ್‌ಗೆ "ಮತ" ಎಂದೇ ಬರೆಯಿರಿ. "ನೀತಿಗೆ ಧರ್ಮ ಬೇಕೇ?" ಎಂದರೆ ಪ್ರಶ್ನೆಯೇ ಕೆಡುತ್ತದೆ; ಕನ್ನಡದಲ್ಲಿ ಧರ್ಮ ಎಂದರೆ ಮತವೂ ಹೌದು, ನ್ಯಾಯವಾದ ನಡೆಯೂ ಹೌದು. "ನೀನು ಮಾಡಿದ್ದು ಧರ್ಮವಲ್ಲ" ಎನ್ನುವವರು ಮತದ ಮಾತಾಡುತ್ತಿಲ್ಲ.

ಸಂದರ್ಭ: ಕ್ರಿ.ಪೂ. 399, ಅಥೆನ್ಸ್. ಕೊಲೆ ಮಾಡಿದ ಕೂಲಿಯಾಳನ್ನು ಯೂಥಿಫ್ರೋನ ತಂದೆ ಕೈಕಾಲು ಕಟ್ಟಿ ಹಳ್ಳಕ್ಕೆ ಹಾಕಿದ. ಆಳು ಹಸಿವು, ಚಳಿಗೆ ಸತ್ತ. ತಂದೆಯ ಮೇಲೇ ಮೊಕದ್ದಮೆ ಹೂಡುವುದು ಪವಿತ್ರ ಕಾರ್ಯ ಎನ್ನುತ್ತಾನೆ ಮಗ. ಪವಿತ್ರ ಎಂದರೇನು ಎಂದು ಸಾಕ್ರಟಿಸ್ ಕೇಳಿದಾಗ ಯೂಥಿಫ್ರೋ ಕೊನೆಗೆ ನಿಲ್ಲುವ ಉತ್ತರ: ದೇವತೆಗಳೆಲ್ಲ ಮೆಚ್ಚುವಂಥದ್ದು, ಅಂದರೆ "ದೈವಪ್ರಿಯ". ಶೀರ್ಷಿಕೆಯ ಪ್ರಶ್ನೆಯನ್ನು ("ಒಳ್ಳೆಯದು" ಬದಲು "ಪವಿತ್ರ" ಎಂದು) ಸಾಕ್ರಟಿಸ್ ಎತ್ತುವುದು ಇಲ್ಲಿ.

ಎಲ್ಲರೂ ಎಡವುವುದು ಪ್ಲೇಟೋ ಪಠ್ಯದ 10ಎ–11ಬಿ ಭಾಗದಲ್ಲಿ (ಇವು ಎಲ್ಲ ಆವೃತ್ತಿಗಳಿಗೂ ಸಾಮಾನ್ಯವಾದ ಪುಟಸಂಖ್ಯೆಗಳು). "ಒಯ್ಯಲ್ಪಟ್ಟದ್ದು", "ಪ್ರೀತಿಸಲ್ಪಟ್ಟದ್ದು" ಎಂಬ ಅನುವಾದಗಳನ್ನು ಬದಿಗಿಡಿ. ಹಮಾಲ ಹೊತ್ತದ್ದರಿಂದ ಅದು "ಹೊತ್ತ ಮೂಟೆ". "ಹೊತ್ತ ಮೂಟೆ" ಆಗಿದ್ದರಿಂದ ಅವನು ಹೊತ್ತದ್ದಲ್ಲ. ಹೊರಲು ಕಾರಣ ಬೇರೆ: ಕೂಲಿ, ಅಂಗಡಿಗೆ ಮಾಲು. ಈಗ ಎರಡು ವಾಕ್ಯ ಹಾಕಿ.

1. ಪವಿತ್ರವಾದದ್ದನ್ನು ದೇವತೆಗಳು ಮೆಚ್ಚುವುದು ಅದು ಪವಿತ್ರವಾದ್ದರಿಂದ. (ಯೂಥಿಫ್ರೋ ತಾನೇ ಒಪ್ಪುತ್ತಾನೆ.)
2. ದೈವಪ್ರಿಯವಾದದ್ದು ಹಾಗೆನಿಸುವುದು ದೇವತೆಗಳು ಮೆಚ್ಚುವುದರಿಂದ. (ಮೂಟೆಯ ಹಾಗೆ.)

ಪವಿತ್ರ, ದೈವಪ್ರಿಯ ಎರಡೂ ಒಂದೇ ಆಗಿದ್ದರೆ 1ರಲ್ಲಿ ಪದ ಬದಲಿಸಬಹುದು: "ದೈವಪ್ರಿಯವಾದದ್ದನ್ನು ಮೆಚ್ಚುವುದು ಅದು ದೈವಪ್ರಿಯವಾದ್ದರಿಂದ." ಇದು 2ಕ್ಕೆ ತಲೆಕೆಳಗು. ಆದ್ದರಿಂದ ಎರಡೂ ಒಂದೇ ಅಲ್ಲ. ಸದಾ ಜೊತೆಯಾಗಿಯೇ ಇರಬಹುದು, ಆದರೂ ಒಂದು ಇನ್ನೊಂದರ ಅರ್ಥವಾಗದು. 1ನ್ನು ಒಪ್ಪದವನ ಮೇಲೆ ಈ ವಾದ ನಡೆಯುವುದಿಲ್ಲ, ಆದರೆ ಅವನು "ದೇವರು ಕ್ರೌರ್ಯವನ್ನು ಮೆಚ್ಚಿದ್ದರೆ ಅದೂ ಒಳ್ಳೆಯದೇ?" ಎಂಬುದಕ್ಕೆ ಉತ್ತರ ಕೊಡಬೇಕು. ಅಮೆರಿಕದ ತತ್ತ್ವಜ್ಞಾನಿ ರಾಬರ್ಟ್ ಆಡಮ್ಸ್ 1973ರಲ್ಲಿ ಕೊಟ್ಟ ದಾರಿ: ಪ್ರೀತಿಯುಳ್ಳ ದೇವರ ಆಜ್ಞೆ ಮಾತ್ರ ಲೆಕ್ಕಕ್ಕೆ.

"ದೇವರಿಲ್ಲ ಎಂದು ಸಾಕ್ರಟಿಸ್ ಸಾಧಿಸಿದ" ಎಂದು ಬರೆಯಬೇಡಿ. ಅವನು ತೋರಿಸಿದ್ದು ಆ ವ್ಯಾಖ್ಯೆ ಸಾಲದು ಎಂದಷ್ಟೆ. ಮತವಿಲ್ಲದೆ ಒಳ್ಳೆಯದು ತಿಳಿಯುತ್ತದೆಯೇ, ಅದನ್ನು ಮಾಡುವ ಮನಸ್ಸು ಬರುತ್ತದೆಯೇ ಎಂಬವು ಬೇರೆ ಪ್ರಶ್ನೆಗಳು.

ಉದಾಹರಣೆಗೆ ಬಸವಣ್ಣನವರ "ಕಳಬೇಡ, ಕೊಲಬೇಡ" ಚೆನ್ನಾಗಿ ಹೊಂದುತ್ತದೆ. ಏಳು "ಬೇಡ"ಗಳು ಮೊದಲು, ಕೂಡಲಸಂಗಮದೇವರ ಒಲುಮೆ ಕೊನೆಗೆ: ನಡೆಯೇ ಒಲಿಸುವ ದಾರಿ. ಇದು 1ರ ಕಡೆಗೆ ವಾಲುತ್ತದೆ ಎಂದೇ ನನ್ನ ಓದು.

ಮತವೆಂದರೆ ದೇವರ ಆಜ್ಞೆಯೇ ಎಂದುಕೊಳ್ಳುವುದೂ ತಪ್ಪು. ಜೈನರಿಗೆ ಸೃಷ್ಟಿಕರ್ತನಿಲ್ಲ, ಅಹಿಂಸೆ ಇದೆ. ಮೀಮಾಂಸಕರಿಗೆ (ವೇದವಿಧಿಗಳ ಅರ್ಥ ವಿಚಾರಿಸುವ ದರ್ಶನದವರು) ವೇದವಿಧಿಯೇ ಧರ್ಮಕ್ಕೆ ಪ್ರಮಾಣ, ಆದರೆ ವೇದ ಅಪೌರುಷೇಯ, ಅಂದರೆ ಯಾರೂ ರಚಿಸಿದ್ದಲ್ಲ; ವಿಧಿಸಿದವರೇ ಇಲ್ಲ. ಯಾರ ಮೆಚ್ಚುಗೆ ಎಂದು ಕೇಳಲು ಅಲ್ಲಿ ಯಾರೂ ಸಿಗುವುದಿಲ್ಲ.